ಗೆರೆ ಹಾಕದ ಹಲಗೆ

ಮೊಳೆಗೆ ಹೋದ ಮಾನ ಮನೆ ಕೊಟ್ಟರೂ ಬಾರದು. ಗಾದೆ ಹೀಗಿಲ್ಲವೆಂದು ಗೊತ್ತು. ಆದರೆ ಗಾದೆ ಕಟ್ಟಿದವರು ಮರದ ಮನೆ ಕಟ್ಟುವವರ ನಡುವೆ ಒಂದು ದಿನವೂ ದುಡಿದಿಲ್ಲ. ಮುಂದಿನದೆಲ್ಲ ನಿಜ, ಒಂದು ಮೊಳೆಯಷ್ಟೂ ಉದ್ದ ಮಾಡಿಲ್ಲ.

ಆ ಬೆಳಿಗ್ಗೆ ಅರ್ಧ ಎದ್ದ ಮನೆಯ ಮುಂದಿನ ಮೇಜಿನ ಮೇಲೆ ಎರಡು ಬ್ಯಾಟರಿ ಮೊಳೆ ಗನ್‌ಗಳು ಮಲಗಿದ್ದವು. ಅಂಗಡಿಯವನು ಅವನ್ನು ಸಂಜೆಯವರೆಗೆ ಪರೀಕ್ಷೆಗೆಂದು ಕೊಟ್ಟಿದ್ದ. ಒಂದರಲ್ಲಿ ಪ್ರತಿ ಮೊಳೆಗೂ ಮೂತಿ ಒತ್ತಿ, ಆಮೇಲೆ ಟ್ರಿಗರ್ ಎಳೆಯಬೇಕು. ಇನ್ನೊಂದರಲ್ಲಿ ಟ್ರಿಗರ್ ಹಿಡಿದೇ ಇದ್ದರೆ ಸಾಕು, ಮೂತಿ ತಗುಲಿದಲ್ಲೆಲ್ಲ ಮೊಳೆ. ತಗುಲಿದ್ದು ಮರವೇ ಆಗಬೇಕೆಂದಿಲ್ಲ.

ಎರಡು ತಿಂಗಳ ಹಿಂದೆ ಅದು ಎಡಚನ ಭಾವಮೈದುನನ ಮಂಡಿಯಾಗಿತ್ತು. ಎಡಚನೆಂದರೆ ಎಡಗೈಯಲ್ಲಿ ಸುತ್ತಿಗೆ ಹಿಡಿಯುವ ಬಡಗಿ. ಅಂಥದೇ ಹಳೆಯ ಗನ್ನಿನ ಟ್ರಿಗರ್ ಹಿಡಿದುಕೊಂಡೇ ಗಿರಕ್ಕನೆ ತಿರುಗಿದವನು ಮೇಸ್ತ್ರಿ. ಗುತ್ತಿಗೆ ಹಿಡಿದ ಮಾಲಕಿಗೆ ಅವನು ಕೊಟ್ಟ ವರದಿ ಒಂದೇ ಸಾಲು: "ಅವನೇ ಕಾಲು ಅಡ್ಡ ಇಟ್ಟ ಮೇಡಂ." ಭಾವಮೈದುನ ಈಗ ಮೆಟ್ಟಿಲನ್ನು ಕೂತೇ ಇಳಿಯುತ್ತಾನೆ. ಇಳಿಯುವಾಗ ಮೇಸ್ತ್ರಿಯ ಮೂಗುದನಿಯಲ್ಲಿ ಅದೇ ಸಾಲನ್ನು ಅಣಕಿಸಿ ಅಕ್ಕನನ್ನು ನಗಿಸುತ್ತಾನೆ. ಎಡಚ ಮಾತ್ರ ಹಲ್ಲು ಕಡಿಯುತ್ತಾನೆ. ಮುಂದಿನ ವಾರ ಆ ಭಾವಮೈದುನ ಕೆಲಸಕ್ಕೆ ಮರಳಿ ಮತ್ತೆ ಇದೇ ಮೇಸ್ತ್ರಿಯ ಪಕ್ಕ ನಿಲ್ಲಬೇಕು.

"ಒತ್ತು, ಎಳಿ, ಎತ್ತು. ಒತ್ತು, ಎಳಿ, ಎತ್ತು," ಮೇಸ್ತ್ರಿ ನಿಧಾನದ ಗನ್ ಎತ್ತಿ ಮುಖ ಸೊಟ್ಟ ಮಾಡಿದ. "ಮನೆ ಕಟ್ತೀಯೋ, ಮೊಳೆ ಹತ್ರ ಅಪ್ಪಣೆ ಕೇಳ್ತೀಯೋ?"

"ಅಪ್ಪಣೆ ಕೇಳೋದು ಒಳ್ಳೇದೇ ಅಲ್ವಾ ಅಣ್ಣ," ಎಂದ ಎಡಚ.

ಮಾಲಕಿ ಕೈಗಡಿಯಾರ ನೋಡಿಕೊಂಡಳು. "ಜಗಳ ಬೇಡ. ಇಬ್ರೂ ಒಂದೊಂದು ಹಲಗೆ ಹೊಡೆದು ತೋರ್ಸಿ. ಯಾವ್ದು ಸರಿ ಅನ್ಸುತ್ತೋ ಅದನ್ನೇ ಎಲ್ಲಾರಿಗೂ ತಗೊಳ್ತೀನಿ."

ಗೋಡೆಯ ಚೌಕಟ್ಟಿಗೆ ಹಲಗೆ ಮುಚ್ಚಿದರೆ ಹಿಂದಿನ ಕಂಬಗಳು ಕಾಣುವುದಿಲ್ಲ. ಅದಕ್ಕೇ ಬಲ್ಲವರು ಕಂಬದ ನೇರಕ್ಕೆ ಹಲಗೆಯ ಮೇಲೆ ಸೀಮೆಸುಣ್ಣದ ಗೆರೆ ಎಳೆದು ಅದರ ಮೇಲೆಯೇ ಹೊಡೆಯುತ್ತಾರೆ. ಮೇಸ್ತ್ರಿ ಹದಿನೆಂಟು ವರ್ಷದಿಂದ ಗೆರೆ ಎಳೆದಿಲ್ಲ. ಇದು ಎಡಚನಿಗೆ ಗೊತ್ತು. ಮೇಸ್ತ್ರಿ ಇಸ್ತ್ರಿ ಮಾಡಿದ ಕಂದು ಪ್ಯಾಂಟಿನಲ್ಲಿ ಬಂದು ಇಲ್ಲಿ ಬಟ್ಟೆ ಬದಲಿಸುತ್ತಾನೆಂಬುದೂ ಗೊತ್ತು.

ಎಲ್ಲರೂ ಚಹಾಕ್ಕೆ ಹೋದಾಗ ಎಡಚ, ಬಿಚ್ಚಿಟ್ಟ ಆ ಪ್ಯಾಂಟು ಎತ್ತಿಕೊಂಡು, ಮೇಸ್ತ್ರಿಗೆಂದು ಚೌಕಟ್ಟಿಗೆ ಆನಿಸಿಟ್ಟ ಹಲಗೆಯ ಹಿಂಬದಿಗೆ ಹೋದ. ಹೆಗಲೇರಿದ ಮಗುವಿನಂತೆ ಪ್ಯಾಂಟು ಕಂಬವನ್ನು ತಬ್ಬುವ ಹಾಗೆ ಒಂದು ಕಾಲನ್ನು ಆಚೆಗೆ, ಒಂದು ಕಾಲನ್ನು ಈಚೆಗೆ ಚಾಚಿ ಅಂಟುಪಟ್ಟಿಯಿಂದ ಹಲಗೆಗೆ ಅಂಟಿಸಿದ. ಮೊಳೆಗಳು ಕಂಬಕ್ಕೇ ಹೋದರೆ ಪ್ಯಾಂಟಿಗೆ ಗೀರೂ ಬೀಳದು. ಅಷ್ಟು ನ್ಯಾಯ ಇಟ್ಟುಕೊಂಡಿದ್ದ. ಹಿಂದೆ ಯಾರೂ ಸುಳಿಯದಂತೆ ಹಗ್ಗವನ್ನೂ ಕಟ್ಟಿದ.

"ಗೆರೆ ಹಾಕ್ಕೊಡ್ಲಾ ಅಣ್ಣ?" ಮೇಸ್ತ್ರಿ ಚಹಾ ಮುಗಿಸಿ ಬರುತ್ತಲೇ ಕೇಳಿದ ಎಡಚನ ದನಿಯಲ್ಲಿ ಬೆಣ್ಣೆಯಿತ್ತು.

"ಗೆರೆ ಬೇಕಿರೋದು ಕಾಪಿ ಬರಿಯೋ ಮಕ್ಕಳಿಗೆ."

"ಬೇಡ ಅಂದ್ರಿ. ಆಮೇಲೆ ನನ್ನನ್ನ ಅನ್ಬಾರ್ದು."

ಟಕ್, ಟಕ್, ಟಕಟಕ. ಮೇಸ್ತ್ರಿ ಮೂವತ್ತೆರಡು ಮೊಳೆ ಮುಗಿಸಿ ಗನ್ನಿನ ಮೂತಿಗೆ ಉಫ್ ಎಂದು ಊದಿದ. ಎಡಚ ಗೆರೆ ಎಳೆದು, ಒತ್ತಿ, ಎಳೆದು, ಎತ್ತಿ ಮುಗಿಸುವಷ್ಟರಲ್ಲಿ ಮೇಸ್ತ್ರಿ ಎರಡು ಸಲ ಆಕಳಿಸಿದ.

"ಹಿಂದೆ ಹೇಗಿದೆ ನೋಡೋಣ ಬನ್ನಿ ಮೇಡಂ," ಎಂದು ಎಡಚ ಹಗ್ಗ ಬಿಚ್ಚಿದ.

ಅವನ ಹಲಗೆಯ ಹಿಂದೆ ಬರಿಯ ಮರ. ಮೇಸ್ತ್ರಿಯದರ ಹಿಂದೆ ಹನ್ನೊಂದು ಮೊಳೆಗಳು ಗಾಳಿಗೆ ನಾಲಿಗೆ ಚಾಚಿದ್ದವು, ಪ್ಯಾಂಟನ್ನು ತೂರಿ. ಬಲಗಾಲಿಗೆ ನಾಲ್ಕು, ಎಡಗಾಲಿಗೆ ಏಳು. ಒಂದು ಮಂಡಿಯ ನಟ್ಟನಡುವೆ.

"ಇದೇನಿದು?" ಎಂದಳು ಮಾಲಕಿ.

ಎಡಚ ಮೂಗಿನಲ್ಲಿ ಉಸಿರು ತುಂಬಿಕೊಂಡು, ಥೇಟ್ ಮೇಸ್ತ್ರಿಯ ದನಿಯಲ್ಲಿ ಹೇಳಿದ: "ಅದೇ ಕಾಲು ಅಡ್ಡ ಇಟ್ಟಿತ್ತು ಮೇಡಂ."

ಕೆಲಸದವರೆಲ್ಲ ಗೊಳ್ಳೆಂದರು. ಮಾಲಕಿ ನಗಲಿಲ್ಲ. ಮಂಡಿಯ ಮೊಳೆಯ ತುದಿಯನ್ನು ಬೆರಳಿನಿಂದ ಮುಟ್ಟಿದಳು.

"ನಿಧಾನದ್ದೇ ಇರ್ಲಿ. ಆರು ತರ್ಸಿ," ಎಂದವಳು ಖಾಲಿ ಡಬ್ಬಿಯೊಂದನ್ನು ಕಾಲಿನಿಂದ ಮೇಸ್ತ್ರಿಯತ್ತ ಸರಿಸಿದಳು. "ಕೂತ್ಕೊಳ್ಳಿ. ಅವತ್ತು ಏನಾಯ್ತು ಅಂತ ಇನ್ನೊಂದ್ಸಲ ಹೇಳಿ."

ನಗು ಒಬ್ಬೊಬ್ಬರದಾಗಿ ನಿಂತಿತು. ಮೇಸ್ತ್ರಿಯದು ಆಗಷ್ಟೇ ಶುರುವಾಗಿತ್ತು. ಅಷ್ಟು ಜೋರಾಗಿ ಅಲ್ಲಿ ಯಾರೂ ನಕ್ಕಿರಲಿಲ್ಲ. ಹೊಟ್ಟೆ ಹಿಡಿದುಕೊಂಡು, ಕಣ್ಣೊರೆಸಿಕೊಂಡು, ಡಬ್ಬಿಯ ಅಂಚನ್ನು ಹಿಂದಕ್ಕೆ ಚಾಚಿದ ಕೈಯಲ್ಲಿ ತಡವುತ್ತ, ಮಾಲಕಿಯ ಕಣ್ಣು ತಪ್ಪಿಸಿ, ನಗುತ್ತಲೇ ಕುಳಿತ.