ಎದುರು ತೂಕ

“ಇಲ್ಲಿ ಎಂತ ನೆಕ್ಕಲಿಕ್ಕೆ ಬಂದದ್ದಾ, ಬೇವರ್ಸಿ? ಬೇಡುವವರ ಸಾಲು ಗೇಟಿನ ಹೊರಗೆ.”

ಪುತ್ತೂರಿನ ಕೃಷಿ ಪ್ರದರ್ಶನದ ಮೈದಾನದಲ್ಲಿ ಆಟಗಳ ಸುತ್ತ ಕಟ್ಟಿದ ಹಗ್ಗ ಕಾಯುತ್ತಿದ್ದ ಜತ್ತಪ್ಪ, ಬೋಜನ ಹಲಗೆಯನ್ನು ಕಾಲಿನಿಂದಲೇ ಹಿಂದಕ್ಕೆ ತಳ್ಳಿದ. ನಾಲ್ಕು ಮರದ ಚಕ್ರ ಹೊಡೆದ ಹಲಗೆ ಅದು. ಸೊಂಟದಿಂದ ಕೆಳಗೆ ಜೀವವಿಲ್ಲದ ಬೋಜನಿಗೆ ಅದೇ ಕಾಲು. ಅವನು ಎರಡೂ ಕೈ ನೆಲಕ್ಕೂರಿ, ತಳ್ಳಿಸಿಕೊಂಡಷ್ಟೇ ದೂರ ಮುಂದೆ ಬಂದು ಟಿಕೆಟು ತೋರಿಸಿದ.

“ಬೇಡ್ಲಿಕ್ಕೆ ಅಲ್ಲ. ತಿರುಗ್ಲಿಕ್ಕೆ.”

ಜತ್ತಪ್ಪ ಸುತ್ತಲಿನವರಿಗೆಲ್ಲ ಕೇಳುವಂತೆ ನಕ್ಕ. ಯಾವುದರಲ್ಲಪ್ಪ ಸವಾರಿ, ಕುದುರೆಯಲ್ಲಾ, ದೋಣಿಯಲ್ಲಾ ಎಂದು ಕೇಳಿದ.

ಬೋಜ ಎರಡು ದಿನ ಹಗ್ಗದ ಹೊರಗೆ ಕುಳಿತು ಅದನ್ನೇ ಲೆಕ್ಕ ಹಾಕಿದ್ದ. ಮರದ ಕುದುರೆ ಆಗುವುದಿಲ್ಲ. ತೊಡೆಯಲ್ಲಿ ಅದುಮಿ ಹಿಡಿಯಬೇಕು. ದೋಣಿ ಉಯ್ಯಾಲೆಯೂ ಆಗುವುದಿಲ್ಲ. ಎದ್ದುನಿಂತು ಒದ್ದು ಜೀಕಬೇಕು. ಉಳಿದದ್ದು ತೊಟ್ಟಿಲು. ಆಳುಗಳು ಕೈಯಲ್ಲೇ ತಿರುಗಿಸುವ ದೊಡ್ಡ ಚಕ್ರ, ಎದುರುಬದುರು ಎರಡು ಪೆಟ್ಟಿಗೆ. ಕೆಳಗೆ ಬಂದಾಗ ಪೆಟ್ಟಿಗೆ ನೆಲದಿಂದ ಮೊಣಕಾಲೆತ್ತರ, ಹೊಟ್ಟೆಗೆ ಅಡ್ಡ ಕಬ್ಬಿಣದ ಸರಳು. ಅದಕ್ಕೆ ಬೇಕಾದದ್ದು ಎರಡು ಕೈ ಮಾತ್ರ.

ಕೈಯ ವಿಷಯದಲ್ಲಿ ಬೋಜ ಯಾರಿಗೂ ಕಡಿಮೆಯಲ್ಲ. ಕೆದಂಬಾಡಿಯ ಪದ್ಮಯ್ಯ ಧನಿಗಳ ತೋಟದಲ್ಲಿ ಹನ್ನೆರಡು ವರ್ಷ, ಒಂದು ಅಡಿಕೆ ಮರದ ತುದಿಯಿಂದ ಇನ್ನೊಂದಕ್ಕೆ ಜೀಕಿ, ನೆಲ ಮುಟ್ಟದೆ ಗೊನೆ ಕೊಯ್ದವನು. ಐವತ್ತೇಳನೆಯ ಇಸವಿಯ ಆಷಾಢದಲ್ಲಿ, ಪಾಚಿ ಹಿಡಿದ ಮರ ಜಾರುತ್ತದೆ ಎಂದಾಗ ಧನಿಗಳು ಹತ್ತದಿದ್ದರೆ ಜಾಗ ಖಾಲಿ ಮಾಡು ಎಂದರು. ಹತ್ತಿದ. ಬಿದ್ದ. ಅಲ್ಲಿಂದ ನಾಲ್ಕು ವರ್ಷ ಅವನು ನೋಡಿದ್ದೆಲ್ಲ ಜನರ ಮೊಣಕಾಲು. ಒಂದೇ ಒಂದು ಸಲ ಮೇಲಿನಿಂದ ನೋಡಬೇಕು ಎಂದಾಗ ಹೆಂಡತಿ ಸೀತು ಹುಚ್ಚು ಅನ್ನಲಿಲ್ಲ. ನೆರೆಯ ತನಿಯಾರುವನ್ನು ಕರೆದಳು. ಇಬ್ಬರು ಹೆಂಗಸರೂ ಹಲಗೆಗೆ ಹಗ್ಗ ಕಟ್ಟಿ ಪುತ್ತೂರಿನವರೆಗೆ ಎಳೆದು ತಂದರು.

ಟಿಕೆಟು ಇದ್ದದ್ದರಿಂದ ಜತ್ತಪ್ಪ ಹಗ್ಗ ಎತ್ತಿ ಬಿಟ್ಟ. ತೊಟ್ಟಿಲಿನ ಯಜಮಾನ ಹೈದರ್ ಜಾತಿ ಕೇಳಲಿಲ್ಲ, ಕಾಲು ಕೇಳಲಿಲ್ಲ, ತೂಕ ಕೇಳಿದ. ಎರಡು ಪೆಟ್ಟಿಗೆಯೂ ಸಮ ಇರಬೇಕು, ಇಲ್ಲದಿದ್ದರೆ ಚಕ್ರ ಆಳುಗಳ ಕೈಗೆ ನಿಲ್ಲದೆ ಭಾರದ ಕಡೆಗೆ ಬಡಿಯುತ್ತದೆ ಎಂದು ವಿವರಿಸಿದ. ಎದುರಿಗೆ ದೊಡ್ಡ ಮನುಷ್ಯರು ಕೂರುವವರಿದ್ದರು. ಅದಕ್ಕೆ ಸರಿಯಾಗಿ, ಕೈಯೂರಿ ಪೆಟ್ಟಿಗೆ ಹತ್ತಿ ಕುಳಿತ ಬೋಜನ ಪಕ್ಕ ಒಂದು ಮರಳಿನ ಚೀಲ ಇಟ್ಟ. ನಾಲ್ಕು ಆಳುಗಳು ಚಕ್ರಕ್ಕೆ ಜೋತುಬಿದ್ದು ಅವನನ್ನು ಮೇಲಕ್ಕೆ ಕಳಿಸಿದರು.

ಕೆಳಗಿನ ಪೆಟ್ಟಿಗೆಯಲ್ಲಿ ಬಂದು ಕುಳಿತವರು ಪ್ರದರ್ಶನದ ಅಧ್ಯಕ್ಷರು, ಸಾಕ್ಷಾತ್ ಪದ್ಮಯ್ಯ ಧನಿಗಳು. ತಮ್ಮ ಮೇಲೆ ಯಾರಿದ್ದಾರೆ ಎಂದು ನೋಡುವ ಅಭ್ಯಾಸ ಅವರಿಗಿರಲಿಲ್ಲ. ಚಕ್ರ ಅರ್ಧ ತಿರುಗಿ ಧನಿಗಳು ತುದಿಗೆ ಹೋದರು, ಬೋಜ ಬುಡಕ್ಕೆ ಬಂದ. ಆಗ ಬಗ್ಗಿ ನೋಡಿದರು.

“ನಿಲ್ಲಿಸು. ಯಾವ ರಂಡೆಮಗ ಈ ಹೆಣವನ್ನು ನನ್ನೆದುರು ಕೂರಿಸಿದ್ದು? ಇವ ಮೇಲೆ ಹೋದರೆ ನಾನು ಇವನ ಕಾಲಡಿಗಾ? ಇಳಿಯಾ, ನಾಯಿ.”

ಚಕ್ರ ನಿಂತಿತು. ಧನಿಗಳ ಕಡೆಯವನಾದ ಜತ್ತಪ್ಪ ಬೋಜನನ್ನು ಎಳೆದುಹಾಕಲು ಓಡಿ ಬಂದ. ಬೋಜ ಅವಸರ ಮಾಡಲಿಲ್ಲ. ಸರಳನ್ನು ಅರ್ಧ ಸರಿಸಿ ತಲೆಯೆತ್ತಿದ.

“ಇಳಿಯುದಾ ಧನಿ? ಸಮ ಆಲೋಚನೆ ಮಾಡಿ ಹೇಳಿ.”

ಹೈದರ್ ಜತ್ತಪ್ಪನ ರಟ್ಟೆ ಹಿಡಿದ. “ಅವನನ್ನು ಮುಟ್ಟಬೇಡ ಮಾರಾಯ. ಅವ ಇಳಿದರೆ ನಿನ್ನ ಧನಿಗಳು ಮೇಲೆ ಇರುದಿಲ್ಲ.”

ಧನಿಗಳ ಕೈ ತಡಕಾಡಿ ಸರಳನ್ನು ಹಿಡಿಯಿತು.

“ಕೂತುಕೊ.”

“ಗಾಳಿ ಉಂಟು ಧನಿ. ಕೇಳುದಿಲ್ಲ.”

“ಕೂತುಕೊ, ಬೋಜ.”

ಬೋಜ ಸರಳು ಹಾಕಿದ. ಚಕ್ರ ಮತ್ತೆ ತಿರುಗಿತು. ಮೊಣಕಾಲುಗಳು ಹೋಗಿ ಸೊಂಟಗಳು ಬಂದವು, ಮುಖಗಳು ಬಂದವು, ಆಮೇಲೆ ಬರೀ ತಲೆಗಳು. ಪೇಟೆಯ ಹೆಂಚುಗಳ ಆಚೆ ಸುಳ್ಯದ ದಾರಿಯಲ್ಲಿ ಒಂದು ಬಸ್ಸು ಬೆಂಕಿಪೊಟ್ಟಣದಷ್ಟು ಕಂಡಿತು. ನೇರ ಕೆಳಗೆ ಧನಿಗಳ ಬೋಳು ನೆತ್ತಿ. ಬೋಜ ನಕ್ಕ. ಒಳಗೊಳಗೆ ಅಲ್ಲ, ಹೊಟ್ಟೆ ತುಂಬ.

ಆ ನಗು ಧನಿಗಳಿಗೆ ಕೇಳಿತು. ಬುಡದಲ್ಲಿದ್ದ ಅವರು ಸರಳು ಕಿತ್ತು ಹೊರಗೆ ಕಾಲಿಟ್ಟರು.

“ಬೀಳಲಿ ಹೊಲೆಯ.”

ಖಾಲಿ ಪೆಟ್ಟಿಗೆ ಗೇಣುದ್ದ ಮೇಲಕ್ಕೆ ಚಿಮ್ಮಿತು. ಚಕ್ರ ಕಿರುಗುಟ್ಟಿ ವಾಲಿತು. ಜೋತುಬಿದ್ದ ಆಳುಗಳ ಕಾಲು ಮಣ್ಣಿನಲ್ಲಿ ಗೀರುತ್ತಾ ಹೋಯಿತು. ಯಾರಾದರೂ ಹತ್ತಿ ಎಂದು ಹೈದರ್ ಕೂಗಿದ. ಗಂಡಸರೆಲ್ಲ ಧನಿಗಳ ಮುಖ ನೋಡಿದರು.

ಸೀತು ನೋಡಲಿಲ್ಲ. ಧನಿಗಳ ಅಂಗಳದ ಆಚೆಯೇ ನಿಂತು ಗಂಜಿ ಕುಡಿದ ಹೆಂಗಸು, ಓಡಿ ಹೋಗಿ ಅವರು ಕುಳಿತು ಬಿಸಿಯಾಗಿದ್ದ ಪೆಟ್ಟಿಗೆಯ ಹಲಗೆಯ ಮೇಲೆ ಧೊಪ್ಪೆಂದು ಕುಳಿತಳು. ಸಾಲಲಿಲ್ಲ. ತನಿಯಾರುವಿನ ಕೈ ಹಿಡಿದೆಳೆದು ಪಕ್ಕಕ್ಕೆ ಹಾಕಿಕೊಂಡಳು. ಚಕ್ರ ಒಮ್ಮೆ ನಡುಗಿ ನಿಂತಿತು.

ಅದು ಧನಿಗಳು ಕೂತ ಜಾಗ, ಇಳಿಯಿರಿ, ನಾಳೆ ನಿಮ್ಮ ಗುಡಿಸಲು ಇರುವುದಿಲ್ಲ ಎಂದು ಜತ್ತಪ್ಪ ಕಿರುಚಿದ. ಸೀತು ಸರಳನ್ನು ಇಬ್ಬರ ಹೊಟ್ಟೆಗೂ ಅಡ್ಡ ಎಳೆದುಕೊಂಡಳು.

“ತಿರುಗಿಸಿ, ಹೈದರ್ ಕಾಕ.”

ಹೈದರ್ ಧನಿಗಳನ್ನು ನೋಡಿದ. ಅಂಗೈಗೆ ಉಗುಳಿಕೊಂಡು ಚಕ್ರ ಹಿಡಿದ.

“ಎಷ್ಟು ಸುತ್ತು?”

“ಅವರು ಇಲ್ಲಿಂದ ಹೋಗುವವರೆಗೆ.”