ಕೇಕು ಕತ್ತರಿಸಿದ ಮಾರನೆಯ ದಿನ

ಚಟ್ಟಕ್ಕೆಂದು ಬಿದಿರು ಸೀಳುತ್ತಿದ್ದ ಮುರುಗನ್ ಮಚ್ಚನ್ನು ಹಿಡಿದುಕೊಂಡೇ ಬೀದಿಗೆ ಇಳಿದ. ಬೀದಿಯ ತುದಿಯಲ್ಲಿ, ಟೀ ಅಂಗಡಿಯ ಹತ್ತಿರ, ವೀರಮ್ಮಾಳ್ ಒಬ್ಬಳೇ ಬರುತ್ತಿದ್ದಳು. ತಮಟೆಯವರು ಕೈ ನಿಲ್ಲಿಸಿದರು.

ಚಪ್ಪರದಡಿ ಗಂಡ ತಂಗವೇಲನ ಹೆಣದ ತಲೆಯ ಹತ್ತಿರ ಕೂತಿದ್ದ ಕಣ್ಣಮ್ಮಾಳಿಗೆ ಮೊದಲು ತಿಳಿದದ್ದು ಆ ಸದ್ದು ಅಡಗಿದ್ದು. ಆಮೇಲೆ ಹೆಂಗಸರೆಲ್ಲ ಒಂದೇ ಕಡೆ ಕತ್ತು ಹೊರಳಿಸಿದ್ದು. ತಂಗವೇಲನನ್ನು ಕೊಂದವನು ಮಾದವನ್. ಅವನ ಹೆಂಡತಿ ಈ ವೀರಮ್ಮಾಳ್. ಅವನು ಪೊಲೀಸರ ವಶದಲ್ಲಿದ್ದ. ಕೈಗೆ ಸಿಕ್ಕಿದವಳು ಇವಳು.

ಮುರುಗನ್ ಸತ್ತವನ ತಮ್ಮ. ತೇನಿಯ ಆಸ್ಪತ್ರೆಯಿಂದ ಹೆಣ ತಂದಾಗಿನಿಂದ ಅವನು ಒಂದು ಹನಿ ಕಣ್ಣೀರು ಹಾಕಿರಲಿಲ್ಲ. ಮಾದವನ ಮನೆಯಿಂದಲೂ ಇವತ್ತೇ ಒಂದು ಹೆಣ ಏಳಬೇಕು ಎಂದು ಬಂದವರಿಗೆಲ್ಲ ಹೇಳುತ್ತಿದ್ದ. "ಬೇಡ ತಂಬಿ," ಎಂದು ತಡೆಯಲು ಹೋದ ಹಿರಿಯರೊಬ್ಬರನ್ನು ಎದೆಗೆ ಕೈಯಿಟ್ಟು ನೂಕಿದ್ದ. ಆಮೇಲೆ ಯಾರೂ ಹತ್ತಿರ ಹೋಗಲಿಲ್ಲ.

"ಅಲ್ಲೇ ನಿಲ್ಲು," ಎಂದ.

ವೀರಮ್ಮಾಳ್ ನಿಲ್ಲಲಿಲ್ಲ.

*

ತೇವಾರಂನಿಂದ ಹೆಂಗಸರನ್ನು ಜೀಪಿನಲ್ಲಿ ತುಂಬಿಕೊಂಡು ಬೆಟ್ಟದ ಮೇಲಿನ ಏಲಕ್ಕಿ ತೋಟಕ್ಕೆ ಬಿಟ್ಟು, ಸಂಜೆ ಇಳಿಸಿ ತರುವುದು ತಂಗವೇಲನ ಬದುಕು. ಅವನ ಹಿಂದಿನ ಸೀಟಿನಲ್ಲಿ ಕಣ್ಣಮ್ಮಾಳ್, ಅವಳ ಭುಜಕ್ಕೊರಗಿ ವೀರಮ್ಮಾಳ್. ತಿರುವುಗಳಲ್ಲಿ ವೀರಮ್ಮಾಳಿಗೆ ಹೊಟ್ಟೆ ತೊಳೆಸಿದರೆ ಅವನು ಬೈದುಕೊಂಡೇ ಜೀಪು ನಿಲ್ಲಿಸಿ, ಜೇಬಿನಿಂದ ನಿಂಬೆಹಣ್ಣು ತೆಗೆದು ಕೊಡುತ್ತಿದ್ದ.

ಹೆಂಗಸರನ್ನು ಮನೆ ಸೇರಿಸಿದ ಮೇಲೆ ಗಂಡಸರಿಗೆ ವೈನ್ ಶಾಪಿನ ಹಿಂದಿನ ಬಾರು. ತಗಡಿನ ಮಾಡು, ಕಾಲು ಸೊಟ್ಟಗಾದ ಪ್ಲಾಸ್ಟಿಕ್ ಕುರ್ಚಿ, ಮೆಣಸು ಹಾಕಿ ಹುರಿದ ಬೋಟಿಯ ಘಾಟು. ತಂಗವೇಲ್, ಮಾದವನ್, ಆಂಡಿ ಮೂವರಿಗೂ ಮೀಸೆ ಮೂಡಿದಾಗಿನಿಂದ ಗೋಡೆಯ ಪಕ್ಕದ ಅದೇ ಮೇಜು. ಹೆಣ್ಣು ನೋಡಿ ಬಂದು ನಕ್ಕದ್ದು ಅಲ್ಲಿ, ಅಪ್ಪಂದಿರು ಸತ್ತಾಗ ಅತ್ತದ್ದೂ ಅಲ್ಲೇ.

ತಂಗವೇಲನಿಗೆ ತಾನು ಹುಟ್ಟಿದ ದಿನ ಗೊತ್ತಿರಲಿಲ್ಲ. ಮಾಸಿ ತಿಂಗಳು, ದ್ರಾಕ್ಷಿ ಕೊಯ್ಲಿನ ಹೊತ್ತು ಎಂದು ಅವ್ವ ಹೇಳುತ್ತಿದ್ದಳು, ಅಷ್ಟೆ. ಮಾದವನೇ ಒಂದು ದಿನ ಗೊತ್ತುಮಾಡಿ, ಐವತ್ತಾಗಿರಬೇಕು ನಿಂಗೆ, ಈ ಸಲ ಕೇಕು ಕತ್ತರಿಸಲೇಬೇಕು ಎಂದು ಹಟ ಹಿಡಿದ. ಬೋಡಿ ಪೇಟೆಗೆ ಹೋಗಿ ತಾನೇ ಕೇಕು ತಂದ. ಕಣ್ಣಮ್ಮಾಳ್ ನಗುತ್ತ ಬಿಳಿ ಅಂಗಿ ಇಸ್ತ್ರಿ ಮಾಡಿಸಿಕೊಟ್ಟಿದ್ದಳು.

ಮುಂದಿನದನ್ನು ಅವಳಿಗೆ ಹೇಳಿದ್ದು ಆಂಡಿ, ಆಸ್ಪತ್ರೆಯ ಬೇವಿನ ಮರದಡಿ. ಇಡೀ ಬಾರು ಎದ್ದು ಹಾಡಿತಂತೆ. ತಂಗವೇಲ್ ನಾಚಿಕೊಂಡು ಮೊದಲ ತುಂಡನ್ನು ಬೋಟಿ ಹುರಿಯುವವನ ಬಾಯಿಗಿಟ್ಟನಂತೆ. ಮಾದವನ್ ಗೆಳೆಯನ ಮುಖಕ್ಕೆ ಕೇಕು ಮೆತ್ತುವಾಗ ಒಂದಿಷ್ಟು ಪಕ್ಕದ ಮೇಜಿನವನ ಅಂಗಿಗೆ ಸಿಡಿಯಿತು. ಅವನು ಆಂಡಿಪಟ್ಟಿ ಊರಿನವನು, ಅಲ್ಲಿಗೆ ಹೊಸಬ. ಎದ್ದು ಬಂದು ಕೇಕನ್ನು ಒದ್ದ. ಮಾದವನ್ ಅವನ ಬಾಯಿಗೆ ಗುದ್ದಿದ. ಹಲ್ಲು ಉದುರಿತು, ಕುರ್ಚಿಗಳು ಹಾರಿದವು, ಬೋಟಿಯ ಬಾಣಲೆ ಬೋರಲಾಯಿತು. ಮಾದವನ್ ಬಾಟಲಿಯನ್ನು ಮೇಜಿನಂಚಿಗೆ ಬಡಿದು ಒಡೆದ. ಇನ್ನು ಕೊಲೆಯಾಗುತ್ತದೆ ಎಂದು ತಂಗವೇಲ್ ಇಬ್ಬರ ನಡುವೆ ನುಗ್ಗಿ, ಹೊಸಬನನ್ನು ತಬ್ಬಿ ಹಿಂದಕ್ಕೆ ನೂಕಿದ. ಮಾದವನ್ ಬೀಸಿದ ಬಾಟಲಿ ತಂಗವೇಲನ ಕುತ್ತಿಗೆಗೆ ಇಳಿಯಿತು.

"ಏನೂ ಆಗಿಲ್ಲ. ಕೂತ್ಕೋ ಮಾದವಾ," ಎಂದು ತಾನೇ ಕುರ್ಚಿಯಲ್ಲಿ ಕೂತ. ಅಂಗಿ ಸೊಂಟದವರೆಗೆ ಕೆಂಪಾಗಿತ್ತು.

ತಂಗವೇಲನ ಜೀಪನ್ನೇ ಆಂಡಿ ಓಡಿಸಿದ. ಮಾದವನ್ ಹಿಂದೆ ಕೂತು ಗಾಯಕ್ಕೆ ಟವಲು ಒತ್ತಿ ಹಿಡಿದು, ದಾರಿಯುದ್ದಕ್ಕೂ ಅವನ ಹೆಸರು ಕೂಗುತ್ತಿದ್ದ. ಉಸಿರು ನಿಂತಿದೆ ಎಂದು ಡಾಕ್ಟರು ಹೇಳಿದ ಮೇಲೂ ಕೈ ತೆಗೆಯಲಿಲ್ಲ. ಪೊಲೀಸರೇ ಬಂದು ಬಿಡಿಸಿದರು.

*

"ಕಡಿಯೋದಾದ್ರೆ ಕಡಿ, ತಮ್ಮಾ," ಎಂದಳು ವೀರಮ್ಮಾಳ್. "ಅಣ್ಣನ ಮೊಕ ಒಂದ್ಸಲ ನೋಡ್ಬುಡ್ತೀನಿ, ಆಮ್ಯಾಕೆ ಕಡಿ."

ಮುರುಗನ್ ಮಚ್ಚೆತ್ತಿದ. ಅಷ್ಟರಲ್ಲಿ ಕಣ್ಣಮ್ಮಾಳ್ ಎದ್ದು ಬಂದಿದ್ದಳು.

"ಆಚೆ ಸರಿ, ಮುರುಗಾ. ಗಂಡ ಸತ್ತಿರೋದು ನಂಗೆ."

ವೀರಮ್ಮಾಳ ತುರುಬಿಗೆ ಕೈ ಹಾಕಿ ಬೀದಿಯಿಂದ ಚಪ್ಪರದವರೆಗೆ ಎಳೆತಂದಳು. ಹೆಣದ ಕಾಲ ಬಳಿ ಕೆಡವಿ, ಎರಡೂ ಕೈಯಿಂದ ಬೆನ್ನಿಗೆ ಗುದ್ದಿದಳು. ಕೈಯ ಹಸಿರು ಗಾಜಿನ ಬಳೆಗಳು ಒಡೆದು ಚೂರು ಎಲ್ಲೆಲ್ಲೋ ಹಾರಿದವು. ಚೂರುಗಳು ಬೆನ್ನಿಗೆ ನೆಟ್ಟರೂ ಮತ್ತೆ ಗುದ್ದಿದಳು. ವೀರಮ್ಮಾಳ್ ತಡೆಯಲು ಕೈಯೆತ್ತಲಿಲ್ಲ. ತಂಗವೇಲನ ಪಾದಗಳನ್ನು ತಬ್ಬಿ, ಮುಖ ಒತ್ತಿಕೊಂಡು ಬಿದ್ದಿದ್ದಳು. ಅವಳ ರವಿಕೆಯ ಬೆನ್ನಿನಲ್ಲಿ ರಕ್ತ ಮೂಡಿ ಹರಡತೊಡಗಿತು.

"ಸಾಕು ಅತ್ತಿಗೆ," ಎಂದ ಮುರುಗನ್.

ಅವಳು ಕೇಳಿಸಿಕೊಳ್ಳಲಿಲ್ಲ.

"ಅತ್ತಿಗೆ, ಸತ್ತೋಗ್ತಾಳೆ. ಸಾಕು." ಮಚ್ಚು ಬಿಸಾಡಿ ಬಂದು ಅವಳ ಎರಡೂ ಕೈ ಹಿಡಿದ. ಹಿಡಿದವನು ಅಲ್ಲೇ ಕುಸಿದು, ಅಣ್ಣಾ ಎಂದು ದನಿ ತೆಗೆದು ಅತ್ತ.

ಹೊತ್ತು ಏರಿತ್ತು. ಗಂಡಸರು ಚಟ್ಟ ಎತ್ತಿದರು. ಆಂಡಿಯೂ ಹೆಗಲು ಕೊಟ್ಟ. ತಮಟೆ ಸುಡುಗಾಡಿನ ದಾರಿ ಹಿಡಿದು ದೂರವಾಯಿತು. ಬಳೆ ಒಡೆಯುವ ಶಾಸ್ತ್ರಕ್ಕೆ ಬಂದ ಮುದುಕಿ ಕಣ್ಣಮ್ಮಾಳ ಕೈಯನ್ನೆತ್ತಿ ನೋಡಿ, ಬರಿದಾದ ಮಣಿಕಟ್ಟನ್ನು ಹಾಗೇ ಮಡಿಲಿಗಿಟ್ಟಳು. ಕಣ್ಣಮ್ಮಾಳ್ ಆ ಕೈಯನ್ನು ಮತ್ತೆ, ಪಕ್ಕದಲ್ಲೇ ಬಿದ್ದಿದ್ದ ವೀರಮ್ಮಾಳ ಬೆನ್ನಿಗೆ ಚಾಚಿದಳು. ಅಂಟಿದ ರವಿಕೆಯನ್ನು ಮೆಲ್ಲಗೆ ಬಿಡಿಸಿ, ಏಲಕ್ಕಿ ಕಿತ್ತು ಕಪ್ಪಾದ ಉಗುರಿನಿಂದ, ಹಸಿರು ಗಾಜಿನ ಚೂರುಗಳನ್ನು ಒಂದೊಂದಾಗಿ ಕೀಳತೊಡಗಿದಳು.