ಹಾಲು ಚೆಲ್ಲದಷ್ಟು ದೂರ

ಕರು ನನ್ನನ್ನೇ ನೋಡುತ್ತಿದೆ, ಮುಂದಿನ ಗಾಡಿಯ ಹಿಂಬಾಗಿಲ ಮೇಲೆ ಗದ್ದ ಊರಿ, ಬಿಳಿ ಮೂತಿಯ ಕರು, ಮೂಗಿನ ಮೇಲೊಂದು ಹುಲ್ಲುಕಡ್ಡಿ — ಹುಲ್ಲುಕಡ್ಡಿ ಕಾಣುವಷ್ಟು ಹತ್ತಿರ ಬಂದೆನೇ, ಆಕ್ಸಿಲರೇಟರ್ ಮೇಲಿನ ಕಾಲು ಸಡಿಲಿಸು, ಇನ್ನೂ ಸಡಿಲಿಸು, ಹಾಂ, ಈಗ ಬರೀ ಬಿಳಿ ಮೂತಿ, ಇಷ್ಟಿದ್ದರೆ ಸರಿ. ಹಿಂದೆ ಮೊಮ್ಮಗಳು, ಹೆಸರೂ ಇಡದ ಮೊಮ್ಮಗಳು, ತೊಟ್ಟಿಲಿನಂಥ ಸೀಟಿನಲ್ಲಿ ಬೆಲ್ಟು ಹಾಕಿಸಿಕೊಂಡು ಮಲಗಿದ್ದಾಳೆ, ಒಂದು ಪಕ್ಕ ಅವಳನ್ನು ಹೆತ್ತ ನನ್ನ ಮಗಳು, ಬಾಯಿ ತೆರೆದು ನಿದ್ದೆ, ಇನ್ನೊಂದು ಪಕ್ಕ ನನ್ನ ಅತ್ತೆ, ಅವರಿಗೆಲ್ಲಿಯ ನಿದ್ದೆ, ಕನ್ನಡಿಯಲ್ಲಿ ಎರಡೂ ಕಣ್ಣು ನನ್ನ ಮೇಲೆ. ಆಸ್ಪತ್ರೆ ಬಾಗಿಲಲ್ಲೇ ಹೇಳಿಬಿಟ್ಟರಲ್ಲ, ನೋಡೇ, ಕೂಸು ಒಂದು ಸಲ ಬೆಚ್ಚಿದ್ರೂ ಸರಿ, ಎತ್ಕೊಂಡು ಇಳಿದು ಬಸ್ಸು ಹತ್ತೀನಿ, ಆಮೇಲೆ ನಿನ್ನ ಕಾರಲ್ಲಿ ಕೋಳಿ ಕೂರಿಸ್ಕೊಂಡು ತಿರುಗು. ಇಳಿಯುವವರೇ. ಮನೆ ಬಾಗಿಲತನಕ ಕೂಸು ಬೆಚ್ಚಬಾರದು, ಇವತ್ತು ನನಗೆ ಬೇರೇನೂ ಬೇಡ, ಬಿಸಿಲು ಎಷ್ಟು ಚೆನ್ನಾಗಿದೆ, ರಸ್ತೆ ಒಗೆದು ಹಾಸಿದ ಹಾಗಿದೆ, ನಾನು ಅಜ್ಜಿ, ಕಾರು ಓಡಿಸುವ ಅಜ್ಜಿ. ಡ್ರೈವಿಂಗ್ ಕಲಿಸಿದ ಮೀಸೆ ಮೇಷ್ಟ್ರು ನೋಡಬೇಕಿತ್ತು, ಅವತ್ತು ಅಂದಿದ್ದರಲ್ಲ, ಏನಕ್ಕಾ, ಮುಂದಿನ ಗಾಡಿಗೆ ಮುತ್ತು ಕೊಡೋಕೆ ಹೊರಟ್ರಾ, ಅದು ಕಂಬ ದಾಟಿದಾಗ ಎಣಿಸೋಕೆ ಶುರು ಮಾಡಿ, ಮೂರು ಅಂದ್ಮೇಲೆ ನೀವು ಕಂಬ ಮುಟ್ಟಬೇಕು — ಎಣಿಸಿದೆನಪ್ಪ, ಭಯಕ್ಕೆ ಒಂದೆರಡ್ಮೂರು ಎಂದು ಒಂದೇ ಉಸಿರಿಗೆ, ಮೇಷ್ಟ್ರು ತಮ್ಮ ಕಡೆಯ ಬ್ರೇಕು ಒತ್ತಿ ಹಣೆ ಒರೆಸಿಕೊಂಡರು. ಅಂಕಿಗೇನು, ಓಡಿಸಿದರೆ ಓಡುತ್ತದೆ. ಓಡಿಸಲಾಗದ್ದು ಅತ್ತೆಯ ರಾಗ ಒಂದೇ, ಸೊಸೆಯಾಗಿ ಬಂದಾಗಿನಿಂದ ಕೊಟ್ಟಿಗೆಯಲ್ಲಿ ನಾನು ಹಾಲಿನ ಪಾತ್ರೆ ಎತ್ತಿದಾಗಲೆಲ್ಲ ಬೆನ್ನಿಗೆ ಬೀಳುತ್ತಿದ್ದದ್ದು, ನಿಧಾ—ನ ಕಣೇ, ಹಾ—ಲು ಚೆಲ್ಲೀತು, ಮೈಯೆಲ್ಲ ಉರಿಯುತ್ತಿತ್ತು ಆಗ, ಒಂದು ಹನಿ ಚೆಲ್ಲಿದವಳಲ್ಲ ನಾನು, ಆದರೆ ಆ ರಾಗವನ್ನು ಬೇಗ ಹೇಳೋಣವೆಂದರೆ ಆಗುವುದೇ ಇಲ್ಲ, ನಾಲಿಗೆ ತಾನೇ ನಿಧಾನವಾಗಿಬಿಡುತ್ತದೆ, ಎದೆ ಎಷ್ಟೇ ಹೊಡೆದುಕೊಂಡರೂ ನಿಧಾನವಾಗಿಬಿಡುತ್ತದೆ. ಕರು ಕಂಬ ದಾಟಿತು — ನಿಧಾ—ನ ಕಣೇ, ಹಾ—ಲು ಚೆಲ್ಲೀತು — ಈಗ ಬಂತು ನನ್ನ ಕಂಬ. ಏನೇ ಅದು ಗೊಣಗಾಟ, ನನ್ನನ್ನ ಅಣಕಿಸ್ತಿದೀಯಾ? ಇಲ್ಲ ಅತ್ತೆ, ದೂರ ಅಳೀತಿದೀನಿ. ನನ್ನ ಮಾತಿನಲ್ಲಾ? ಹೂಂ, ನಿಮ್ಮ ಮಾತಿನಲ್ಲೇ. ಹೆರಿಗೆ ಆದದ್ದು ಮಗಳಿಗೆ, ತಲೆ ಕೆಟ್ಟದ್ದು ತಾಯಿಗೆ. ನಗು ಬರುತ್ತಿದೆ, ನಗಬಾರದು, ರಸ್ತೆ ನೋಡು — ಅಗೋ, ಸ್ಕೂಟರಿನವನೊಬ್ಬ ನಮ್ಮ ನಡುವೆ ನುಗ್ಗಿದ, ಜಾಗ ಬಿಟ್ರೆ ನುಗ್ಗದೇ ಇರ್ತಾರಾ, ನುಗ್ಗಲಿ ಬಿಡಿ ಅತ್ತೆ, ಮತ್ತೆ ಹಿಂದೆ ಸರಿಯುತ್ತೇನೆ, ಅವನು ಹೋದ, ಕರು ಮತ್ತೆ ನನ್ನದಾಯಿತು, ಬಿಳಿ ಮೂತಿ — ಗಾಡಿಯ ಬ್ರೇಕ್ ದೀಪ, ಎರಡೂ ಕೆಂಪು, ಬಾತುಕೋಳಿಗಳು, ರಸ್ತೆಗಡ್ಡ ಮೆರವಣಿಗೆ ಹೊರಟ ಬಾತುಕೋಳಿಗಳು, ಕಾಲೇ ಒತ್ತು, ತುಂಬಿದ ಪಾತ್ರೆ ನೆಲಕ್ಕಿಡುವ ಹಾಗೆ, ಸದ್ದಾಗದ ಹಾಗೆ, ಒತ್ತು — ನಿಂತೆ. ಮುಂದೆ ಇನ್ನೂ ರಸ್ತೆ ಮಿಕ್ಕಿದೆ, ಒಂದು ಹಸು ಅಡ್ಡ ಮಲಗುವಷ್ಟು ಬರಿ ರಸ್ತೆ. ಕನ್ನಡಿ ನೋಡಲು ಭಯ. ನೋಡಿದೆ. ಕೂಸಿನ ತುಟಿ ನಿದ್ದೆಯಲ್ಲೇ ಚಪ್ಪರಿಸುತ್ತಿದೆ, ಬೆಚ್ಚಲಿಲ್ಲ, ಬೆಚ್ಚಲಿಲ್ಲ, ಅತ್ತೆಯ ಕೈ ಬಾಗಿಲ ಹಿಡಿಯ ಮೇಲಿತ್ತು, ಈಗ ಅಲ್ಲಿಂದೆದ್ದು ಕೂಸಿನ ಹೊದಿಕೆ ಸರಿಮಾಡುತ್ತಿದೆ. ಕೊನೆಯ ಬಾತು ದಾಟಿತು, ಗಾಡಿ ಹೊರಟಿತು, ನಾನೂ ಹೊರಟೆ, ಕರು ಕಂಬ ದಾಟಿತು, ನಾನು ಬಾಯಿ ತೆರೆಯುವ ಮೊದಲೇ ಹಿಂದಿನಿಂದ, ಕೂಸು ಏಳದಷ್ಟು ಮೆಲ್ಲಗೆ, ನಿಧಾ—ನ ಕಣೇ, ಹಾ—ಲು ಚೆಲ್ಲೀತು — ಈಗ ಬಂತು ಕಂಬ, ಮುಂದೆ ಕರು, ಬಿಳಿ ಮೂತಿ, ಹುಲ್ಲುಕಡ್ಡಿ ಕಾಣದ ಬಿಳಿ ಮೂತಿ —